ಕನಕರಾಯರ ಅರ್ಜಿ

7 ಮಾರ್ಚ್ 1949, ರಾಯಚೂರು
ಬೆಳಿಗ್ಗೆಯಿಂದ ನಾಲ್ಕು ಅರ್ಜಿ ಟೈಪ್ ಮಾಡಿದೆ. ಐದನೆಯವರು ಹತ್ತಿ ಗಿರಣಿಯ ಹೆಡ್ ಕ್ಲಾರ್ಕ್ ಕನಕರಾಯರು. ಅಲ್ಲೇ ಮ್ಯಾನೇಜರ್ ಆಗಬೇಕಂತೆ. ತಂದಿದ್ದ ಕರಡಿನ ತುಂಬ ವಿನಯ, ಪ್ರಾಮಾಣಿಕತೆ, ಪಾದಸೇವೆ... ಪಕ್ಕಕ್ಕಿಟ್ಟೆ.

"ಕಾರಕೂನಗ ಇದು ಸಾಕ್ರಿ. ಮ್ಯಾನೇಜರ್ ಆಗವ್ರು ಗುಣ ಬರಿಬಾರ್ದು, ಮಾಡಿದ ಕೆಲಸ ಬರಿಬೇಕು. ನೀವು ಇದ್ದದ್ದಕ್ಕ ಏನಾತು, ಅದನ್ನ ಹೇಳ್ರಿ."

ರಾಯರು ಹೇಳಿದರು: "ಎರಡು ವರ್ಷದ ಹಿಂದ ಗೋದಾಮಿಗೆ ಬೆಂಕಿ ಬಿತ್ತಲ್ರಿ... ಬಾಗಿಲಾ ಮುರದು ಒಂಬತ್ತು ಹೆಣ್ಮಕ್ಕಳನ್ನ ಹೊರಗ ತಂದೆ."

ಅದನ್ನೇ ಎಲ್ಲಕ್ಕಿಂತ ಮೇಲೆ ಹಾಕಿದೆ. ಒಂದು ಪ್ರತಿ ಕೊಟ್ಟು ಕಳಿಸಿದೆ.

9 ಮಾರ್ಚ್
ಕಣ್ಣಾರೆ ಕಂಡವರ ಹೇಳಿಕೆ ಜೊತೆಗಿದ್ದರೆ ತೂಕ ಎಂದಿದ್ದೆ. ರಾಯರು ಪೋತ್ನಾಳದ ಪಕೀರಮ್ಮನ ಹೆಸರು ಹೇಳಿದರು. ಆ ಒಂಬತ್ತರಲ್ಲಿ ಒಬ್ಬಳು. ಹೇಳಿಕೆಯನ್ನೂ ತಾವೇ ಬರೆದು ತಂದಿದ್ದರು.

"ಓದಿ ಹೇಳಾಕ ಹೋಗಬ್ಯಾಡ್ರಿ. ಹೆಬ್ಬೆಟ್ಟು ಒತ್ತಿಸ್ಕೊಂಡು ಬರ್ರಿ, ಸಾಕು."

10 ಮಾರ್ಚ್, ಸಂಜೆ
ಓದಿ ಹೇಳಿದೆ. ಪಕೀರಮ್ಮ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಬಾಗಿಲಾ ಮುರದಾತ ಬಂಡಿ ಹೊಡಿಯೋ ತಾಯಪ್ಪರೀ ಯಪ್ಪಾ. ಹತ್ತಿ ಕದ್ದೊಯ್ತೀವಂತ ರಾಯ ಹೊರಗಿಂದ ಕೀಲಿ ಹಾಕಿದ್ದ. ಹೊಗಿ ಕಂಡ ಕೂಡ್ಲೆ ಓಡಿಹೋದ, ಕೀಲಿಕೈ ಕಿಸೇದಾಗ ಇಟಗೊಂಡು. ಒಳಗ ನಾವು ಹತ್ತು ಮಂದಿ ಇದ್ವಿ."

ಹೊರಗೆ ಬಂದವರು ಒಂಬತ್ತೇ. ಹತ್ತನೆಯವಳು ಅವಳ ತಂಗಿ ಹುಲಗೆಮ್ಮ.

ಅವಳ ಮಾತನ್ನೇ ಬೇರೆ ಹಾಳೆಯಲ್ಲಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡೆ. "ಇದನ್ನ ಗಿರಣಿ ಸಾವ್ಕಾರಗ ಮುಟ್ಟಸ್ರಿ" ಎಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಎಂಥ ಮನುಷ್ಯ! ಅವನ ಸುಳ್ಳನ್ನು ಅಂದಗೊಳಿಸಿದ ನಾನು ಎಂಥವನು? ಥೂ.

11 ಮಾರ್ಚ್
ಅರ್ಜಿ ವಾಪಸ್ ಕೊಡಿ ಎಂದೆ. ಕನಕರಾಯರು ನಕ್ಕರು. "ಹೋಗ್ಯಾದ್ರಿ ಅದು. ಟೈಪ್ ಮಾಡವ್ರಿಗೆ ಇದೆಲ್ಲ ಯಾಕ?"

ಪಕೀರಮ್ಮನ ಹೇಳಿಕೆಯನ್ನು ಸಾಹುಕಾರರಿಗೆ ಅಂಚೆಯಲ್ಲಿ ಕಳಿಸಿದೆ. ನಕಲು ನನ್ನ ಹತ್ತಿರವಿದೆ.

2 ಏಪ್ರಿಲ್
ಸಾಹುಕಾರರು ಗಿರಣಿಗೆ ಕರೆಸಿದರು. ಹೇಳಿಕೆ ಮೇಜಿನ ಮೇಲೆಯೇ ಇತ್ತು. ಪಕ್ಕದಲ್ಲಿ ಹೊಸ ಮ್ಯಾನೇಜರ್ — ಕನಕರಾಯರು.

"ಕೀಲಿ ಹಾಕಂತ ಹುಕುಂ ಕೊಟ್ಟಾವ ನಾನs. ಹೇಳಿದ್ದು ಕೇಳೋ ಮನಿಷಾ ಬೇಕಾಗಿದ್ದ, ಸಿಕ್ಕಾನ. ಅರ್ಜಿ ಮಾತ್ರ ಭಾಳ ಚಲೋ ಇತ್ರಿ. ಇನ್ನ ಮುಂದ ಗಿರಣಿ ಕಾಗದಾ ಎಲ್ಲ ನೀವs ಮಾಡ್ರಿ" ಎಂದರು ಸಾಹುಕಾರರು.

ಚಹಾ ತರಿಸಿದ್ದರು. ಮುಟ್ಟದೆ ಎದ್ದು ಬಂದೆ.

5 ಏಪ್ರಿಲ್, ಬೆಳಿಗ್ಗೆ
ಸಾಹುಕಾರರು ಏನೆಂದರೆಂದು ಕೇಳಲು ಮೊದಲ ಬಸ್ಸಿಗೇ ಪಕೀರಮ್ಮ ಬಂದಳು. ಜೊತೆಗೆ ಗೋದಾಮಿನಿಂದ ಹೊರಬಂದ ಉಳಿದ ಎಂಟು ಹೆಣ್ಣುಮಕ್ಕಳು, ತಾಯಪ್ಪ. ನಡೆದದ್ದನ್ನೆಲ್ಲ ಹೇಳಿದೆ.

"ಹಂಗಾರ ಕಲೆಕ್ಟರ್ ಸಾಹೇಬ್ರಿಗೆ ಬರೀರಿ. ನಾವೆಲ್ಲಾರೂ ಹೆಬ್ಬೆಟ್ಟು ಹಾಕ್ತೀವಿ" ಎಂದಳು ಪಕೀರಮ್ಮ.

ಟೈಪ್ ಮಾಡಿದೆ. ಒಂಬತ್ತು ಹೆಬ್ಬೆಟ್ಟು ಬಿದ್ದವು. ತಾಯಪ್ಪ ಕೈ ಚಾಚಿದ. ಎರಡೂ ಅಂಗೈ ಸುಟ್ಟು ನುಣ್ಣಗಾಗಿವೆ, ಹೆಬ್ಬೆರಳಿನಲ್ಲಿ ಒಂದು ಗೆರೆಯೂ ಇಲ್ಲ.

"ನಂದು ನಡಿತದೇನ್ರಿ?" ಎಂದ. ನಾನು ಅವನ ಕೈ ಹಿಡಿದು ಹೆಬ್ಬೆರಳಿಗೆ ಮಸಿ ಹಚ್ಚಿ ಒಂಬತ್ತರ ಕೆಳಗೆ ಒತ್ತಿಸಿದೆ; ಪಕ್ಕದಲ್ಲಿ 'ಬಾಗಿಲು ಮುರಿಯುವಾಗ ಸುಟ್ಟ ಕೈ' ಎಂದು ಬರೆದೆ.