ಎರಡೂ ಎಡತೋಳು

ತಾರೀಕು ೧೧, ಮಂಗಳವಾರ
ಅಂಗಡಿಯಿಂದ

ಚಿರಂಜೀವಿ ಮಗಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳು ಕತ್ತರಿ ಮೇಜಿನ ಡ್ರಾಯರಿನಲ್ಲಿ ಕೂತಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಫೋನು ಕೆಟ್ಟಿದೆ ಎಂದು ನಿನ್ನ ಸೋದರತ್ತೆಯ ಬಾಯಲ್ಲಿ ಹೇಳಿಸಿದ್ದು ಸುಳ್ಳು. ಫೋನು ನೆಟ್ಟಗಿದೆ; ನೆಟ್ಟಗಿಲ್ಲದ್ದು ನನ್ನ ಮುಖ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ, ನಿನಗೆ ಗೊತ್ತು. ಈ ಸಲ ಕೇಳಿದ್ದೇನೆ ಎಂದುಕೋ.

ಶನಿವಾರ ಬಂದೇ ಬರುತ್ತೇನೆ, ಬೇಡ ಅನ್ನಬೇಡ ಎಂದು ಬರೆದಿದ್ದೀಯ. ಹಿಂದೆ ಎರಡು ಸಲ ಸೋದರತ್ತೆಯ ಬಾಯಲ್ಲೇ ಬೇಡ ಅನ್ನಿಸಿದ್ದೇನೆ. ಈ ಸಲ ಏನೆನ್ನಬೇಕು ಎಂದು ನಾಲ್ಕು ದಿನ ಯೋಚಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಡೆದದ್ದನ್ನು ನಡೆದ ಹಾಗೆ ಕೇಳು. ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವುದು ಬೇಡ.

ಪಿತ್ತಕೋಶದ ಆಪರೇಷನ್ನಿಗೆ ನೀನೇ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಇದ್ದು ಹೋದೆಯಲ್ಲ. ನೀನು ಹೋದ ಮೇಲೆ ಹೊಲಿಗೆ ಬಿಚ್ಚಿದರು. ಡಾಕ್ಟರು ಹಾಕಿದ ಹೊಲಿಗೆ ನನಗೇನೂ ಮೆಚ್ಚಿಗೆಯಾಗಲಿಲ್ಲ, ಆದರೆ ಗಾಯ ಒಣಗಿತು. ಒಂಬತ್ತನೆಯ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ಸುರಿದುಹೋಯಿತು, ಕೆಟ್ಟ ನಲ್ಲಿಯ ಹಾಗೆ. ಕನ್ನಡಿ ನೋಡಿದೆ. ಬಾಯಿ ಬಲಕ್ಕೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚೆಂದರೆ ಮುಚ್ಚದು. ಹಣೆಯ ಎಡಭಾಗದಲ್ಲಿ ಒಂದು ಗೆರೆಯೂ ಇಲ್ಲ, ಬಿಸಿ ಇಸ್ತ್ರಿ ಎಳೆದ ಹಾಗೆ. ಅರವತ್ಮೂರು ವರ್ಷದ ಮುಖದಲ್ಲಿ ಅರ್ಧಕ್ಕೆ ಮಾತ್ರ ಪ್ರಾಯ ಬಂದಿತ್ತು.

ನಿನ್ನ ಸೋದರತ್ತೆ ಲಕ್ವ ಎಂದು ಬೀದಿಗೆ ಕೇಳುವ ಹಾಗೆ ಅತ್ತಳು. ಅವಳನ್ನು ಸುಮ್ಮನಿರಿಸುವುದೇ ಒಂದು ಕೆಲಸವಾಯಿತು, ನನ್ನ ಮಾತೋ ತೊದಲುತ್ತಿತ್ತು. ಡಾಕ್ಟರು ಎರಡೂ ಕೈ ಎತ್ತಿಸಿದರು, ನಡೆಸಿದರು. ಮೆದುಳಿನದಲ್ಲ, ಮುಖದ ನರ ಒಂದು ಊದಿಕೊಂಡಿದೆ ಎಂದರು. ಆಪರೇಷನ್ನಿನಿಂದಲೇ ಎಂದು ಹೇಳಲಾಗದಂತೆ, ಅಲ್ಲ ಎಂದೂ ಹೇಳಲಾಗದಂತೆ. ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಮೊದಲಿನ ಹಾಗೆ ಆಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಮಾತ್ರೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು, ಮಲಗುವಾಗ ರೆಪ್ಪೆ ಎಳೆದು ಪಟ್ಟಿ ಅಂಟಿಸಿಕೊಳ್ಳಲು ಹೇಳಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೊಲಿಗೆ ಎಂದೆ. ಹಾಗಾದರೆ ಚಿಂತೆಯಿಲ್ಲ, ಕೈ ಗಟ್ಟಿಯಾಗಿದೆಯಲ್ಲ ಎಂದರು.

ಪಾಪ, ಅವರಿಗೇನು ಗೊತ್ತು, ದರ್ಜಿಗೆ ತುಟಿಯೇ ಮೂರನೆಯ ಕೈ ಎಂದು. ಗಿರಾಕಿಯ ಮೈಮೇಲೆ ಕೋಟು ಹಾಕಿ ಒಂದು ಕೈಯಲ್ಲಿ ಬಟ್ಟೆ ಹಿಡಿದರೆ, ಇನ್ನೊಂದು ಕೈಗೆ ಗುಂಡುಪಿನ್ನು ಎಟುಕಿಸುವುದು ತುಟಿ. ನಲವತ್ತು ವರ್ಷ ಎಂಟೆಂಟು ಪಿನ್ನು ತುಟಿಯಲ್ಲಿ ಕಚ್ಚಿಕೊಂಡೇ ದೊಡ್ಡದೊಡ್ಡವರನ್ನು ತಿರುಗಿ ನಿಲ್ಲಿಸಿದ್ದೇನೆ. ಬಾಯಿ ಬಿಡದೆ ‘ಹ್ಞೂಂ’ ಎಂದರೆ ಕೈ ಎತ್ತಬೇಕು, ‘ಹ್ಞೂಂಹ್ಞೂಂ’ ಎಂದರೆ ಉಸಿರು ಬಿಡಬೇಕು. ಅದು ಗಿರಾಕಿಗಳಿಗೂ ಗೊತ್ತು. ಡಾಕ್ಟರ ಹತ್ತಿರದಿಂದ ಮನೆಗೆ ಬಂದ ದಿನ ಒಂದೇ ಒಂದು ಪಿನ್ನು ತುಟಿಗಿಟ್ಟು ನೋಡಿದೆ. ನಿಲ್ಲಲಿಲ್ಲ. ಬಿದ್ದದ್ದೂ ನನಗೆ ತಿಳಿಯಲಿಲ್ಲ, ನೆಲದ ಮೇಲೆ ಟಿಣ್ ಎಂದಾಗ ತಿಳಿಯಿತು.

ಅವತ್ತಿನಿಂದ ನಾನು ಒಳಕೋಣೆ ಸೇರಿದೆ. ಮುಂದಿನ ಕೌಂಟರು, ಅಳತೆ, ಟ್ರಯಲ್ಲು ಎಲ್ಲಾ ನಿನ್ನ ಸೋದರತ್ತೆಯ ಪಾಲಿಗೆ. ಯಾರಾದರೂ ಕೇಳಿದರೆ, ಅತ್ತಿಗೆ ವಿಶ್ರಾಂತಿಯಲ್ಲಿದ್ದಾರೆ ಎನ್ನುವಳು. ವಿಶ್ರಾಂತಿ ಎಲ್ಲಿ ಬಂತು. ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಕಟಿಂಗ್ ಮಾಡುತ್ತಿದ್ದೆ. ಬೇಡ ಎಂದವರಿಗೆ, ಕತ್ತರಿಗೇನು ಕಣ್ಣು ನೋವೇ ಎಂದೆ. ವಕೀಲರೊಬ್ಬರ ಕೋಟಿನ ತೋಳು ಕತ್ತರಿಸಿ ಕಾಜಾ ಮಾಸ್ತರ ಮುಂದಿಟ್ಟೆ. ಗುಂಡಿ ಹಚ್ಚುತ್ತ, ಗುಂಡಿತೂತಿನ ಕಾಜಾ ಹೊಲಿಯುತ್ತ ಇಪ್ಪತ್ತೆಂಟು ವರ್ಷದಿಂದ ನಮ್ಮಲ್ಲೇ ಇರುವ ಮನುಷ್ಯ, ಮಾತಾಡುವುದು ವಾರಕ್ಕೊಮ್ಮೆ. ಅವರು ಎರಡು ತೋಳನ್ನೂ ಮೇಜಿನ ಮೇಲೆ ಹರಡಿ, ಕನ್ನಡಕ ಒರೆಸಿ, ಮತ್ತೆ ನೋಡಿ ಕೇಳಿದರು:

“ಅಕ್ಕಾ, ಈ ವಕೀಲರಿಗೆ ಎರಡೂ ಎಡಗೈನಾ?”

ನೋಡಿದರೆ ಹೌದು, ಎರಡೂ ಎಡತೋಳು. ಮೊದಲನೆಯ ತುಂಡನ್ನು ತಿರುಗಿಸದೆ ಹಾಗೇ ಇಟ್ಟು ಎರಡನೆಯದು ಕತ್ತರಿಸಿದ್ದೆ. ಕೆಲಸ ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು. ಹಾಗೆ ಮಾಡಿದವರಿಗೆ ನಾನೇ ಸ್ಕೇಲಿನಲ್ಲಿ ಬಾರಿಸಿದ್ದೇನೆ. ನನಗೆ ನಗು ಬಂತು. ಕಾಯಿಲೆ ಬಂದ ಮೇಲೆ ಮೊದಲ ನಗು. ಅರ್ಧ ಮುಖದಲ್ಲಿ ಬಂತು. ಕಾಜಾ ಮಾಸ್ತರು ನನ್ನ ಮುಖವನ್ನೇ ನೋಡಿದರು, ಬೇರೆ ಕಡೆ ತಿರುಗಲಿಲ್ಲ. “ಪರವಾಗಿಲ್ಲ, ಅರ್ಧ ನಕ್ಕರೂ ಜೋರಾಗೇ ಇದೆ” ಎಂದು ಸೂಜಿಗೆ ದಾರ ಪೋಣಿಸಿದರು. ಬಟ್ಟೆ ತರಿಸಿ ಬಲತೋಳು ಬೇರೆ ಕತ್ತರಿಸಿದೆ, ಕಣ್ಣಿನ ಪಟ್ಟಿ ತೆಗೆದು, ದೀಪ ಹತ್ತಿರಕ್ಕೆ ಎಳೆದುಕೊಂಡು.

ಮುಖಕ್ಕೆ ವ್ಯಾಯಾಮ ಕಲಿಸಲು ಆಸ್ಪತ್ರೆಯ ಹುಡುಗಿಯೊಬ್ಬಳು ಇದ್ದಾಳೆ, ನನ್ನ ಅರ್ಧ ವಯಸ್ಸಿಲ್ಲ, ನನ್ನನ್ನೇ ಗದರಿಸುತ್ತಾಳೆ. ದಿನಕ್ಕೆ ಮೂರು ಸಲ ಕನ್ನಡಿಯ ಮುಂದೆ ಕೂತು ಹುಬ್ಬು ಎತ್ತಬೇಕು, ಕೆನ್ನೆ ಉಬ್ಬಿಸಬೇಕು, ಶಿಳ್ಳೆ ಹಾಕುವ ಹಾಗೆ ತುಟಿ ಕೂಡಿಸಬೇಕು. ಜೋರು ಮಾಡಬೇಡಿ, ಮೆತ್ತಗೆ ಮಾಡಿ ಎನ್ನುತ್ತಾಳೆ. ಮೆತ್ತಗೆ ಮಾಡುವುದೇ ನನಗೆ ಕಷ್ಟ. ಊಟದ ಹೊತ್ತಿಗೆ ಅಂಗಡಿ ಮುಚ್ಚಿದಾಗ ಟ್ರಯಲ್ ಕೋಣೆಯ ಆಳೆತ್ತರದ ಕನ್ನಡಿಯ ಮುಂದೆ ಕೂರುತ್ತೇನೆ. ನಲವತ್ತು ವರ್ಷ ಹೆಗಲು ಅಳೆದಿದ್ದೇನೆ. ಎರಡೂ ಹೆಗಲು ಸಮ ಇರುವ ಮನುಷ್ಯ ನನ್ನ ಕೈಗೆ ಸಿಕ್ಕಿಲ್ಲ. ತಗ್ಗಿದ ಕಡೆ ಒಳಗೊಂದು ಪದರ ಹತ್ತಿ ಇಟ್ಟು ಹೊಲಿದು ಕಳಿಸುತ್ತೇವೆ, ಯಾರಿಗೂ ತಿಳಿಯದು. ಮುಖಕ್ಕೆ ಹಾಗೆ ಇಡಲು ಹತ್ತಿಯಿಲ್ಲ. ಅಲ್ಲಿ ಕೂತಾಗ ನಿನ್ನ ಎಡಗೆನ್ನೆ ನೆನಪಾಗುತ್ತದೆ. ನಾಲ್ಕು ವರ್ಷದವಳಿದ್ದಾಗ ಇದೇ ಅಂಗಡಿಯ ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟ ಗುರುತು. ಆ ಮಾತು ಇಲ್ಲಿಗೆ ಸಾಕು.

ಕಳೆದ ಶುಕ್ರವಾರ ಏನಾಯಿತೆಂದರೆ, ಹತ್ತು ಗಂಟೆಗೆ ಯಾರೂ ಇಲ್ಲವೆಂದು ಮುಂದೆ ಬಂದು ಅಳತೆ ಪುಸ್ತಕ ನೋಡುತ್ತಿದ್ದೆ. ಶಾಲೆಯ ಹೆಡ್‌ಮಿಸ್ಸು, ನಮ್ಮ ಹಳೆಯ ಗಿರಾಕಿ, ಬಾಗಿಲಲ್ಲಿ ಕಂಡರು. ನಿನ್ನ ಸೋದರತ್ತೆ ನನ್ನ ಮೊಣಕೈ ಹಿಡಿದಳು.

“ಅತ್ತಿಗೆ, ನೀವು ಸ್ವಲ್ಪ ಒಳಗಿರಿ. ಆ ಕಾಲರ್ ಇಸ್ತ್ರಿ ಆಗ್ಬೇಕಿತ್ತು, ನೋಡ್ತೀರಾ?”

ಪ್ರೀತಿಯಿಂದಲೇ ಹೇಳಿದಳು. ನಾನು ಹೋದೆ, ಕಾಲರ್ ಕೈಗೆತ್ತಿಕೊಂಡೆ. ಅದು ಆಗಲೇ ಇಸ್ತ್ರಿಯಾಗಿತ್ತು, ತುದಿ ಚಾಕುವಿನ ಹಾಗೆ ನಿಂತಿತ್ತು. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ. ಆ ಮಾತು ಅವಳದಲ್ಲ ಮಗಳೇ, ಅವಳು ಅದನ್ನು ಕಲಿತದ್ದು ನನ್ನಿಂದ.

ಟೇಪು ಕೊರಳಿಗೆ ಹಾಕಿಕೊಂಡು ಹೊರಗೆ ಬಂದೆ. ಹೆಡ್‌ಮಿಸ್ಸು ನನ್ನನ್ನು ನೋಡಿ ಒಂದು ಗಳಿಗೆ ತಡೆದರು. ಮುಖದ ಅರ್ಧ ರಜೆ ಹಾಕಿದೆ, ಮಿಕ್ಕರ್ಧ ಡ್ಯೂಟಿಯಲ್ಲಿದೆ, ಕೈ ಎತ್ತಿ ಎಂದೆ. ಅವರು ನಗಬೇಕೋ ಬೇಡವೋ ತಿಳಿಯದೆ ಕೈ ಎತ್ತಿದರು. ಪಿನ್ನು ಮೂರು ಸಲ ಬಿತ್ತು, ಒಂದು ಸಲ ಅವರ ಚಪ್ಪಲಿಯೊಳಕ್ಕೆ. ಬಗ್ಗಿ ಎತ್ತಿಕೊಂಡೆ. ಜೊಲ್ಲು ಜಾರಿತು, ಕರವಸ್ತ್ರದಲ್ಲಿ ಒರೆಸಿಕೊಂಡೆ. ಅಳತೆ ಮುಗಿಯಿತು. ಹೋಗುವಾಗ ಅವರು, ಮೊದಲಿನಷ್ಟೇ ಬಿಗಿಯಾಗಿ ನಿಲ್ಲಿಸ್ತೀರಿ ಎಂದರು. ಸಂಜೆಯ ತನಕ ಐದು ಜನರ ಅಳತೆ ತೆಗೆದೆ. ನಿನ್ನ ಸೋದರತ್ತೆ ಒಳಗೆ ಹೋಗಿ ಅತ್ತಳು. ಅಳುವುದಾದರೆ ಕಾಜಾ ಹೊಲಿಯುತ್ತ ಅಳು, ಕೆಲಸ ಸಾಗುತ್ತದೆ ಎಂದೆ.

ಅವತ್ತಿನಿಂದ ಮುಂದೆಯೇ ಇದ್ದೇನೆ. ಇವತ್ತು ಎರಡು ಪಿನ್ನು ತುಟಿಯಲ್ಲಿ ಹತ್ತು ಎಣಿಸುವ ತನಕ ನಿಂತವು. ಎಂಟಕ್ಕೆ ಇನ್ನೂ ದೂರವಿದೆ. ಎಂದೂ ಬರದಿದ್ದರೆ ತೋಳಿಗೊಂದು ಪಿನ್ನಿನ ದಿಂಬು ಕಟ್ಟಿಕೊಳ್ಳುತ್ತೇನೆ, ಅದನ್ನೂ ಹೊಲಿದಿಟ್ಟಿದ್ದೇನೆ. ಕೌಂಟರು ಬಿಡುವುದಿಲ್ಲ.

ಈಗ ಶನಿವಾರದ ಮಾತು. ಬಾ. ಹಿಂದಿನ ಬಾಗಿಲಿಂದ ಬರುವುದು ನಿನ್ನ ಅಭ್ಯಾಸ. ಅದಕ್ಕೆ ಚಿಲಕ ಹಾಕಿರುತ್ತೇನೆ. ಮುಂದಿನಿಂದ ಬಾ. ಕೌಂಟರಿನ ಹಿಂದೆ ಗೋಡೆಯಲ್ಲಿದ್ದ ಫೋಟೋ ಇಳಿಸಿದ್ದೇನೆ, ಮೊಳೆ ಖಾಲಿಯಿದೆ. ಹನ್ನೊಂದಕ್ಕೆ ಫೋಟೋದವನು ಬರುತ್ತಾನೆ. ನನ್ನ ಪಕ್ಕ ಯಾವ ಕಡೆ ಬೇಕೋ ನಿಲ್ಲು, ನಾನು ನಿನ್ನನ್ನು ತಿರುಗಿಸುವುದಿಲ್ಲ. ನಿಲ್ಲುವುದಿಲ್ಲ ಎಂದರೂ ಕೇಳುವ ಹಕ್ಕು ನನಗಿಲ್ಲ. ಊಟ ಮಾಡಿಕೊಂಡು ಹೋಗು.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಅವರ ಕೋಟಿನ ಎಡ ಹೆಗಲು ತಗ್ಗಿದೆ, ಬರುವಾಗ ತರಲಿ. ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ದಿನಕ್ಕೆ ಸಾವಿರ ಜನಕ್ಕೆ ಉತ್ತರ ಕೊಡುವವಳು ನೀನು. ನನ್ನ ಒಂದು ಕಾಗದಕ್ಕೆ ಉತ್ತರ ಕೊಡದಿದ್ದರೂ ನಡೆಯುತ್ತದೆ. ನೂರು ವರ್ಷ ತಲೆಯೆತ್ತಿ ಬಾಳು.

ಇತಿ,
ನಿನ್ನ ಅಮ್ಮ

ಬರೆಯದೆ ಮಡಚಿ, ಮತ್ತೆ ಬಿಚ್ಚಿ ಬರೆದದ್ದು: ಆ ಫೋಟೋ, ಅಂಗಡಿ ದೊಡ್ಡದಾದ ದಿನ ಪೇಪರಿನವರು ತೆಗೆದದ್ದು. ಇಳಿಸಿ ಧೂಳು ಒರೆಸಿ ನೋಡಿದೆ. ನಿನ್ನ ಅಪ್ಪ ಇದ್ದಾರೆ, ಸೋದರತ್ತೆ ಇದ್ದಾಳೆ, ಕಾಜಾ ಮಾಸ್ತರು ಇದ್ದಾರೆ, ಮೂಲೆಯಲ್ಲಿ ಬೀದಿನಾಯಿ ಕೂಡ ಇದೆ. ನೀನಿಲ್ಲ. ಹನ್ನೊಂದು ವರ್ಷದವಳು, ನಾನೇ ಹೊಲಿದ ಹಸಿರು ಫ್ರಾಕು ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದೆ, ಎಡಗೆನ್ನೆ ಫೋಟೋದವನ ಕಡೆಗೆ. ಒಳಗೆ ಹೋಗು, ಆ ಕಾಲರ್ ಇಸ್ತ್ರಿ ಆಗಬೇಕು ಎಂದು ಕಳಿಸಿದೆ. ನೀನು ವಾಪಸು ಬಂದಾಗ ಫೋಟೋದವನು ಚೀಲ ಮುಚ್ಚುತ್ತಿದ್ದ. “ಅಮ್ಮಾ, ಇದು ಆಗ್ಲೇ ಇಸ್ತ್ರಿ ಆಗಿತ್ತು” ಅಂದೆ. ಹೌದಾ, ನಾನು ನೋಡಿರಲಿಲ್ಲ ಎಂದೆ. ನೋಡಿದ್ದೆ, ಮಗಳೇ. ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿ ಇಟ್ಟಿದ್ದೆ.