ಇನ್ನೂ ಒಂದು ಗರ

ಚನ್ನಪಟ್ಟಣ
12 ಫೆಬ್ರವರಿ 1926

ಪ್ರೀತಿಯ ಹಾಜಿರಾ ಆಪಾ, ಸಲಾಂ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕೋಪಿಸಿಕೊಳ್ಳಬೇಡ. ಉರ್ದುವಿನಲ್ಲಿ ಬರೆದರೆ ಮಾಗಡಿಯಲ್ಲಿ ನಿನ್ನ ಅತ್ತೆಯವರೂ ಓದುತ್ತಾರೆಂದು, ನೀನು ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಮ್ಮಿಯ ಕೆಮ್ಮು ಒಸಿ ಕಡಿಮೆ. ನಿನ್ನ ತಾಹೇರಾಗೆ ಬಣ್ಣದ ಬುಗುರಿ ಮಾಡಿಟ್ಟಿದ್ದೇನೆ.

ತಮ್ಮ ಅಮೀರ್ ಚೆನ್ನಾಗಿಲ್ಲ. ಹೋದ ವಾರದ ಕುಸ್ತಿಯಲ್ಲಿ ಕನಕಪುರದ ಪೈಲ್ವಾನ ಕೆಂಪಯ್ಯ ಬಲತೋಳು ತಿರುಚಿದಾಗ ಅಮೀರ್ ಮಣ್ಣು ತಟ್ಟಿದ. ಮಣ್ಣು ತಟ್ಟಿದರೆ 'ಸಾಕು, ಬಿಡು' ಎಂದರ್ಥ. ಕೆಂಪಯ್ಯ ಹಿಡಿತ ಬಿಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಗಡಿನ ಕೊಳವೆ ಹಿಡಿದು ಜನಕ್ಕೆ ಆಟ ಸಾರುತ್ತಿದ್ದವರು ಕೂಗಿದರು: "ಏಳ್ಲಾ ಅಮೀರ, ಇನ್ನೂ ಒಂದು ಗರ ಐತೆ ಕಣ್ಲಾ." ಜನ ಹೋ ಎಂದರು. ಅಮೀರ್ ಎದ್ದ. ಎರಡನೆಯ ಸಲ ಮಣ್ಣು ತಟ್ಟಲಿಲ್ಲ. ತೋಳಿನ ಕೀಲು ತಪ್ಪಿತು.

ಆಪಾ, ಇಡೀ ಕುಸ್ತಿಯನ್ನು ಪಗಡೆಯ ಮಾತಿನಲ್ಲೇ ಸಾರಿದರು. ಬಿದ್ದವನು 'ಕಾಯಿ ಹೊಡೆಸಿಕೊಂಡ', ಮೇಲೆದ್ದವನಿಗೆ 'ಗರ ಬಿತ್ತು', ಎದೆಗೊಟ್ಟವನು 'ಮೈಯನ್ನೇ ಪಣಕ್ಕಿಟ್ಟ'. ಜೂಜಿನ ವಿರುದ್ಧದ ಕರಪತ್ರಗಳನ್ನೆಲ್ಲ ಓದಿದ ನನಗೆ, ಕಾಸು ಕಟ್ಟದಿದ್ದರೆ ಜೂಜಲ್ಲ ಎನಿಸಿತ್ತು. ಅಲ್ಲಿ ಯಾರೂ ಕಾಸು ಕಟ್ಟಿರಲಿಲ್ಲ. ಆದರೂ ಆ ಮಾತುಗಳ ಅರ್ಥ ನೋಡು. ಗರ ದಾಳ ಉರುಳಿದಂತೆ ಬೀಳುವುದು, ಅದು ಯಾರ ಕೈಯಲ್ಲೂ ಇಲ್ಲ. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡುತ್ತದೆ, ಅದಕ್ಕೆ ನೋವಿಲ್ಲ. ಪಣಕ್ಕಿಡುವ ವಸ್ತು ಇಡುವವನದೇ ಆಗಿರಬೇಕು. ಅಮೀರನ ತೋಳು ಅಮ್ಮಿ ಉಣಿಸಿ ಬೆಳೆಸಿದ್ದು. ಅದನ್ನು ಪಣಕ್ಕಿಡಲು ಕೊಳವೆ ಹಿಡಿದವರಿಗೆ ಏನು ಹಕ್ಕು?

ಇದನ್ನೇ ಅಮೀರನಿಗೆ ಹೇಳಿದೆ. ಅವನು ನಕ್ಕ. "ನಿನ್ನ ಮಾತಲ್ಲಿ ನಾನು ರೋಗಿ, ಭಾಯಿ. ಅವರ ಮಾತಲ್ಲಿ ಪೈಲ್ವಾನ."

ಅವನ ಬೆರಳು ಮಡಚುತ್ತಿಲ್ಲ, ಗೊಂಬೆ ಕಡೆಯುವ ಉಳಿ ಹಿಡಿಯಲಾಗದು. ಆದರೂ ರಂಜಾನಿಗೆ ಮುಂಚೆ ಕನಕಪುರದಲ್ಲಿ ಕೆಂಪಯ್ಯನೊಡನೆ ಮತ್ತೆ ಕುಸ್ತಿಗೆ ಒಪ್ಪಿಕೊಂಡಿದ್ದಾನೆ. ಇನ್ನೊಂದು ಸಲ ಕೀಲು ತಪ್ಪಿದರೆ ಕೈ ಕೆಲಸಕ್ಕೆ ಬರುವುದಿಲ್ಲ ಎಂದು ಮೂಳೆ ಕೂರಿಸುವ ಮುನಿಶಾಮಯ್ಯನವರು ಹೇಳಿದ್ದಾರೆ. ಅವನು ಕೇಳುವುದು ನಿನ್ನ ಮಾತೊಂದೇ. ಭಾವನನ್ನು ಒಪ್ಪಿಸಿ ಬಂದುಬಿಡು.

ಅಲ್ಲಾಹನು ತಾಹೇರಾಗೆ ಆಯುಸ್ಸು ಕೊಡಲಿ, ನಿನ್ನ ಮನೆ ತಂಪಾಗಿಡಲಿ.

ನಿನ್ನ ತಮ್ಮ
ನಜೀರ್

ವಿ.ಸೂ.: ಆ ಸಾರಿದವರನ್ನು ಖಂಡಿಸಿ ಪತ್ರಿಕೆಗೊಂದು ಲೇಖನ ಬರೆದೆ. ಅವರ ಹೆಸರು ಹಾಕಬೇಕಾದಲ್ಲಿ ಕೈ ನಿಂತಿತು. ಸಾರುವ ಕೆಲಸವನ್ನು ಈ ವರ್ಷ ಅಬ್ಬಾಗೆ ವಹಿಸಿದ್ದರು. ಅಂದಿನಿಂದ ಅವರು ಅಮೀರನ ಕೋಣೆಗೆ ಕಾಲಿಟ್ಟಿಲ್ಲ. ನಾನು ಹೊರಗೆ ಬಂದಾಗಲೆಲ್ಲ ಹೊಸ್ತಿಲಾಚೆ ನಿಂತು, ಬೆರಳು ಆಡಿತೇನಪ್ಪ ಎಂದು ಕೇಳುತ್ತಾರೆ.