ಬಯ್ಯಸಮುದ್ರದ ಆಳ

೧೪-೬-೧೯೬೧, ಬುಧವಾರ. ಗೌರಿಬಿದನೂರು.

ನಗರಗೆರೆಯ ಗಂಗುಲಮ್ಮ ಇವತ್ತು ಆಫೀಸಿಗೇ ಬಂದುಬಿಟ್ಟಳು. ಅವಳ ಮಗ ಯರ್ರಪ್ಪ ಬೊಂಬಾಯಿ ಬಂದರಿನಲ್ಲಿ ಹಡಗಿನಿಂದ ಬಿದ್ದು ಮುಳುಗಿ ಹದಿನೈದು ದಿನವಾಯಿತು. ಅಳಲಿಲ್ಲ. ಅತ್ತಿದ್ದರೆ ಜವಾನನನ್ನು ಕರೆದು ಆಚೆಗೆ ಕಳಿಸುತ್ತಿದ್ದೆ.

"ನಮ್ಮೋನಿಗೆ ಈಜು ಬರ್ತಿತ್ತಾ ಸಾಮಿ?"

"ಬರ್ತಿತ್ತಮ್ಮ. ಸರ್ಕಾರದ ಪರವಾಗಿ ನಾನೇ ನೋಡಿ ಬರೆದಿದ್ದೀನಿ."

ಬರೆದದ್ದೇನೋ ನಿಜ. ಯರ್ರಪ್ಪ ಕಲಿತ ನಾವಿಕರ ತರಬೇತಿ ಶಾಲೆ ನಡೆಸುವ ವೆಂಕಟರಾಮಪ್ಪ, ಬೊಂಬಾಯಿಯ ಹಡಗು ಇಲಾಖೆಗೆ ಕಳಿಸಿದ ಅರ್ಜಿಯಲ್ಲಿ 'ಹುಡುಗರಿಗೆ ಸಮುದ್ರದಲ್ಲೇ ಈಜು ಕಲಿಸುತ್ತೇವೆ' ಎಂದು ಹಾಕಿದ್ದ. ಸುಳ್ಳಲ್ಲ, ನಮ್ಮ ಕೆರೆಯ ಹೆಸರೇ ಬಯ್ಯಸಮುದ್ರ. ಇಲ್ಲಿ ಕಡಲಿಲ್ಲವೆಂದು ಬೊಂಬಾಯಿಯ ಸಾಹೇಬರಿಗೇನು ಗೊತ್ತು? ಸಮುದ್ರದ ಆಳ ನೋಡಿ ತಿಳಿಸಿ ಎಂದು ನಮ್ಮ ಆಫೀಸಿಗೆ ಕಾಗದ ಬಂತು.

ಹೋದ ಬೇಸಿಗೆಯಲ್ಲಿ ತಪಾಸಣೆಗೆ ಹೋದೆ. ನೀರು ಎಮ್ಮೆಯ ಹೊಟ್ಟೆಗೂ ಮುಟ್ಟುತ್ತಿರಲಿಲ್ಲ. ವೆಂಕಟರಾಮಪ್ಪ ಹುಡುಗರನ್ನೆಲ್ಲ ನೀರಿನೊಳಗೆ ಮಂಡಿಯೂರಿ ಕೂರಿಸಿದ. ನಾನು ಹೊಂಗೆಯ ನೆರಳಲ್ಲಿ ಎಳನೀರು ಕುಡಿಯುತ್ತಾ 'ಕತ್ತಿನ ಮಟ್ಟದ ನೀರು, ತೃಪ್ತಿಕರ' ಎಂದು ಬರೆದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗಂಗುಲಮ್ಮ ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. "ನೀವು ಬಂದಿದ್ದ ದಿನ ಅವನ ಮಂಡಿ ಎರಡೂ ತರಚಿತ್ತು ಸಾಮಿ. ನಾನೇ ಅರಿಶಿನ ಹಚ್ಚಿದೆ. ಈಜಿದ್ರೆ ಮಂಡಿ ಯಾಕೆ ತರಚ್ತದೆ?"

"ಸಮುದ್ರದಲ್ಲಿ ಕಲ್ಲಿರುತ್ತಮ್ಮ" ಎಂದೆ.

ನಂಬಿದಳು. ಕೈಮುಗಿದು ಹೋದಳು. ಆ ಕೈಮುಗಿದದ್ದೊಂದು ಬೇಡವಾಗಿತ್ತು, ಊಟ ಸೇರಲಿಲ್ಲ.

ನಾಳೆ ಹೊಸ ತಂಡದ ತಪಾಸಣೆ. ನೀರು ಇನ್ನೂ ಇಳಿದಿದೆಯಂತೆ. ಈ ಸಲ ಹುಡುಗರನ್ನು ಮಲಗಿಸಬೇಕೇನೋ.